ಹಾಡದೆ ಬೀಸಿದ ಬೆಳಗು

ಪೂಜ್ಯ ಸೋಮಲಿಂಗ ಶರಣರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ, ಹಿಂದೆ ಮುಂದೆ ಓಡಾಡುವ ಶಿಷ್ಯರೂ ಇರಲಿಲ್ಲ. ಕರಿಗುಡ್ಡದ ಪೇಟೆಯ ಹೊರಗೆ ಅರ್ಧ ಕುಸಿದ ಹಳೆಯ ಅಗಸಿಯೊಂದಿತ್ತು. ಆ ಊರಬಾಗಿಲಿನ ಕಾವಲುಕಟ್ಟೆಯ ಮೇಲೆ ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ, ಎರಡು ಚಾಣ, ಒಂದು ಸುತ್ತಿಗೆ. ಇಷ್ಟೇ ಅವರ ಸಂಸಾರ. ಬೀಸುವ ಕಲ್ಲುಗಳಿಗೆ ಮುಳ್ಳು ಹೊಡೆಯುವುದು ಅವರ ಕಾಯಕ. ಬೀಸಿ ಬೀಸಿ ಕಲ್ಲಿನ ಮೈ ನುಣ್ಣಗಾದರೆ ಕಾಳು ಹಿಟ್ಟಾಗುವುದಿಲ್ಲ, ಜಾರಿ ಹೊರಗೆ ಬೀಳುತ್ತದೆ. ಆಗ ಚಾಣದಿಂದ ಸಣ್ಣಗೆ ಚುಚ್ಚಿ ಚುಚ್ಚಿ ಆ ಮೈಯನ್ನು ಮತ್ತೆ ಒರಟು ಮಾಡಬೇಕು. ಶರಣರು ಓಣಿ ಓಣಿ ತಿರುಗಿ ದಿನಕ್ಕೆ ಐದು ಕಲ್ಲು ಮಾಡುವರು. ಆರನೆಯದಕ್ಕೆ ಕರೆದರೆ ನಾಳೆ ಬರುತ್ತೇನೆ ಎನ್ನುವರು. ಜನ ಅವರನ್ನು ಚಾಣದಜ್ಜ ಎನ್ನುತ್ತಿದ್ದರು.

ಮುಳ್ಳು ಹೊಡೆದ ಮೇಲೆ ಬರುವ ಮೊದಲ ಹಿಡಿ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರಿರುತ್ತದೆ. ಅದನ್ನು ಯಾರೂ ಉಣ್ಣುವುದಿಲ್ಲ, ಇರುವೆಗೂಡಿಗೆ ಚೆಲ್ಲುತ್ತಾರೆ. ಶರಣರು ಕೂಲಿಯೆಂದು ಕೇಳುತ್ತಿದ್ದದ್ದು ಆ ಒಂದು ಹಿಡಿಯನ್ನು ಮಾತ್ರ. ಅದನ್ನು ನೀರಿನಲ್ಲಿ ಕದಡಿ, ಪುಡಿ ತಳಕ್ಕೆ ಕೂತ ಮೇಲೆ, ಮೇಲಿನ ತಿಳಿಯನ್ನು ಕಾಸಿ ಕುಡಿಯುವರು. "ಚೊಲೊ ಹಿಟ್ಟು ಕೊಡತೀವಿ, ತಗೊಳ್ರಿ ಅಜ್ಜಾರ" ಎಂದು ಯಾರಾದರೂ ಒತ್ತಾಯ ಮಾಡಿದರೆ, "ಅದು ಮಕ್ಕಳದು" ಎಂದು ಚಾಣ ಚೀಲಕ್ಕೆ ಹಾಕುವರು. ಪವಾಡ ಕೇಳಲು ಬಂದವರಿಗೆ ಇದು ಸಪ್ಪೆ ಎನಿಸಿದರೆ ನಾನೇನು ಮಾಡಲಿ? ಆ ಮಹಾತ್ಮರು ಹಾಗೆಯೇ ಬಾಳಿದರು.

ಆ ವರ್ಷ ಹೊಳೆಯ ಆಚೆಯ ದೇಸಾಯರಿಗೂ ಈಚೆಯ ದೇಸಾಯರಿಗೂ ಕಡವಿನ ಸುಂಕದ ಸಲುವಾಗಿ ಜಗಳ ಹತ್ತಿತು. ದೋಣಿಯವರಿಂದ ಸುಂಕ ಯಾರು ಎತ್ತಬೇಕು ಎಂಬುದಷ್ಟೇ ಮಾತು. ಯುಗಾದಿಗೆ ಹೊತ್ತಿದ ಬೆಂಕಿ ಶ್ರಾವಣ ಬಂದರೂ ಆರಲಿಲ್ಲ. ಎರಡು ದಂಡುಗಳ ನಡುವೆ ಸಿಕ್ಕಿಬಿದ್ದದ್ದು ಕರಿಗುಡ್ಡದ ಪೇಟೆ. ಹೊರಗಿನ ಗಾಡಿ ಒಳಗೆ ಬರುವಂತಿಲ್ಲ, ಒಳಗಿನವರು ಗುಡ್ಡ ದಾಟಿ ಹೋಗುವಂತಿಲ್ಲ. ಸಂತೆ ನಿಂತಿತು. ರೂಪಾಯಿಗೆ ಹದಿನಾರು ಸೇರು ಇದ್ದ ಜೋಳ ಹತ್ತಕ್ಕೆ ಇಳಿಯಿತು, ನಾಲ್ಕಕ್ಕೆ ಇಳಿಯಿತು, ಆಷಾಢದಲ್ಲಿ ಒಂದೇ ಸೇರಿಗೆ ಬಂತು. ಆಮೇಲೆ ವ್ಯಾಪಾರಿಗಳು ರೂಪಾಯಿಯನ್ನೇ ಒಲ್ಲೆವೆಂದರು, ಒಡವೆ ತನ್ನಿ ಎಂದರು. ಕಾಲುಂಗುರಕ್ಕೆ ಒಂದು ಬೊಗಸೆ, ಬೆಳ್ಳಿಯ ಕಡಗಕ್ಕೆ ಎರಡು ಸೇರು, ಅದರಲ್ಲೂ ಅರ್ಧ ಹುಳ ಹಿಡಿದದ್ದು! ಹೆಂಗಸರ ಮೈಮೇಲಿನ ಒಡವೆಯೆಲ್ಲ ಹಾಗೆ ಕರಗಿ ಹೋಯಿತು. ದೇಸಾಯರಿಬ್ಬರ ಅಡುಗೆಮನೆಯಲ್ಲಿ ಮಾತ್ರ ಒಂದು ಹೊತ್ತಿನ ಒಲೆ ತಪ್ಪಿತೆಂದು ಯಾರೂ ಹೇಳಿದ್ದಿಲ್ಲ.

ಪೇಟೆಯಲ್ಲಿ ಎಲ್ಲಕ್ಕಿಂತ ಮೊದಲು ಒಣಗಿದ್ದು ನೇಕಾರ ಓಣಿ. ಇಪ್ಪತ್ತೆರಡು ಮನೆ. ಹೊಲವಿಲ್ಲದವರು, ಸೀರೆ ಮಾರಿ ಕಾಳು ಕೊಳ್ಳುವವರು. ನೂಲಿಲ್ಲದೆ ಮಗ್ಗ ನಿಂತವು. ಗಂಡಸರಲ್ಲಿ ಗಟ್ಟಿಮುಟ್ಟಾದವರನ್ನು ದಂಡಿನವರು ಹೊರೆ ಹೊರಲು ಎಳೆದೊಯ್ದರು. ಉಳಿದವರು ಹೆಂಗಸರು, ಮಕ್ಕಳು, ಮುದುಕರು.

ಆ ಓಣಿಯ ನಡುವಿನ ಮನೆ ಹಂಪವ್ವಳದು. ಅವಳ ಗಂಡ ಈರಬಸಪ್ಪ ನೇಕಾರನಲ್ಲ, ಹೇರೆತ್ತಿನವನು. ನೇಕಾರರ ಸೀರೆಗಳನ್ನು ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ದೂರದ ಸಂತೆಗಳಿಗೆ ಒಯ್ದು, ಬರುವಾಗ ಕಾಳು ತರುತ್ತಿದ್ದ. ದಾರಿ ಕಟ್ಟುವ ಮುನ್ನ ತಂದ ಕೊನೆಯ ಹೇರನ್ನು ಅವನು ಮಾರಲಿಲ್ಲ. ದನದ ಕೊಟ್ಟಿಗೆಯ ನೆಲದಡಿ ಅವರಪ್ಪನ ಕಾಲದ ಹಗೇವು ಇತ್ತು. ಕಾಳು ಹುಗಿದಿಡುವ ಆಳವಾದ ಕುಣಿ. ಜೋಳವನ್ನೆಲ್ಲ ಅದಕ್ಕೆ ಸುರಿದು, ಬಾಯಿಗೆ ಬಂಡೆ ಮುಚ್ಚಿ, ಸಗಣಿ ಸಾರಿಸಿ, ಮೇಲೆ ಉರುವಲಿನ ಕುಳ್ಳು ಒಟ್ಟಿದ. "ನೋಡು, ಯಾರ ಮುಂದೂ ಬಾಯಿ ಬಿಡಬ್ಯಾಡ. ಗೊತ್ತಾತು ಅಂದರ ದಂಡಿನವರು ಬರತಾರ. ಕಾಳೂ ಉಳಿಯೂದಿಲ್ಲ, ನೀವೂ ಉಳಿಯೂದಿಲ್ಲ" ಎಂದ. ಮರುದಿನವೇ ಅವನನ್ನೂ ಎತ್ತುಗಳನ್ನೂ ದಂಡಿನವರು ಹೊಡೆದುಕೊಂಡು ಹೋದರು. ಇದ್ದಾನೋ ಇಲ್ಲವೋ ಎಂಬ ಸುದ್ದಿಯೂ ಬರಲಿಲ್ಲ.

ಹಂಪವ್ವಳಿಗೆ ಮೂವರು ಮಕ್ಕಳು. ದೊಡ್ಡವಳು ನಿಂಬೆವ್ವ, ಒಂಬತ್ತು ವರ್ಷದವಳು. ಕೆಳಗಿನವರು ಇನ್ನೂ ಸಣ್ಣವರು. ಗಂಡನ ಮಾತು ಬರಿಯ ಅಂಜಿಕೆಯ ಮಾತಲ್ಲವೆಂದು ಅವಳು ಕಣ್ಣಾರೆ ಕಂಡಿದ್ದಳು. ಮೇಲಿನ ಓಣಿಯ ಗೌಡರ ಹಗೇವು ಸಿಕ್ಕಾಗ ದಂಡಿನವರು ಕಾಳನ್ನಷ್ಟೇ ಒಯ್ಯಲಿಲ್ಲ, ಇನ್ನೂ ಎಲ್ಲಿಟ್ಟಿದ್ದೀ ಎಂದು ಗೌಡರ ಎರಡೂ ಕೈ ಮುರಿದರು. ಅದಕ್ಕೇ ಅವಳು ಜೋಳ ತೆಗೆಯುತ್ತಿದ್ದದ್ದು ಮಟಮಟ ಮಧ್ಯಾಹ್ನ, ಓಣಿಯ ಹೆಂಗಸರೆಲ್ಲ ಸೊಪ್ಪು ಹುಡುಕಲು ಗುಡ್ಡಕ್ಕೆ ಹೋದಾಗ. ರೊಟ್ಟಿ ತಟ್ಟುತ್ತಿರಲಿಲ್ಲ, ತಟ್ಟಿದರೆ ಸದ್ದು, ಸುಟ್ಟರೆ ವಾಸನೆ. ಬರೀ ಅಂಬಲಿ. ಮಕ್ಕಳು ಉಂಡ ಮೇಲೆ ತಾನೇ ಅವರ ಬಾಯಿ ಒರೆಸಿ ಹೊರಗೆ ಕಳಿಸುವಳು.

ಬೀಸುವ ಸದ್ದಿನ ಅಂಜಿಕೆ ಮಾತ್ರ ಅವಳಿಗಿರಲಿಲ್ಲ. ಹೊಲವಿಲ್ಲದ ನೇಕಾರರಲ್ಲಿ ಹಗೇವು ಇದ್ದೀತೆಂದು ದಂಡಿನವರು ಎಣಿಸಿರಲಿಲ್ಲ, ಮೇಲಾಗಿ ಇಡೀ ಓಣಿಯೇ ಬೀಸುತ್ತಿತ್ತು! ಬೆಳ್ಳಿ ಮೂಡುವ ಹೊತ್ತಿಗೆ ಒಂದು ಮನೆಯಲ್ಲಿ ಗರ್ ಎಂದು ಶುರುವಾದರೆ, ಅದರ ಪಕ್ಕದ್ದು, ಎದುರಿನದು, ತುದಿಯದು, ಹೀಗೆ ಇಪ್ಪತ್ತೆರಡು ಮನೆಯ ಕಲ್ಲುಗಳೂ ದನಿ ಎತ್ತುತ್ತಿದ್ದವು. ಹಂಪವ್ವ ಗಂಟಲು ಬಿಟ್ಟು ಹಾಡುತ್ತ ಬೀಸುವಳು. ಅವಳ ದನಿ ಹೆಸರಾದದ್ದು, ಮೊದಲಿನಿಂದ ಹಾಡಿದವಳು ಈಗ ಬಾಯಿ ಮುಚ್ಚಿದರೆ ಜನ ಏನಂದಾರು? ಹಾಡುತ್ತ ಹಾಡುತ್ತ ಅವಳ ಮನಸ್ಸು ಒಳಗೊಳಗೇ ಅನ್ನುತ್ತಿತ್ತು: ನೋಡು, ಎಲ್ಲಾರೂ ನನ್ಹಂಗನ ಎಲ್ಲೆಲ್ಲೋ ಹುಗದಿಟ್ಟಾರ. ಬಾಯಿ ಬಿಡೂದಿಲ್ಲ, ಅಷ್ಟ. ಬಂಗಾರೆವ್ವನ ಕಲ್ಲಂತೂ ನನ್ನದಕ್ಕಿಂತ ಜೋರು.

ಬಂಗಾರೆವ್ವ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವಳಿಗೆ ಗದಿಗೆಪ್ಪ ಎಂಬ ಐದು ವರ್ಷದ ಒಬ್ಬನೇ ಮಗ. ಒಂದು ದಿನ ನಿಂಬೆವ್ವ ಬಂದು, "ಅವ್ವಾ, ಗದಿಗ್ಯಾ ಮಣ್ಣು ತಿಂತಾನ" ಎಂದಳು. "ಸಣ್ಣ ಹುಡುಗರು ತಿಂತಾವ ತಗೋ, ನೀನೂ ತಿಂತಿದ್ದಿ" ಎಂದು ಹಂಪವ್ವ ಕಸ ಗುಡಿಸಿದಳು. ಇನ್ನೊಂದು ದಿನ ಬಂಗಾರೆವ್ವ ಒಂದು ಕೆಂಡ ಕೇಳಲು ಬಂದಳು. ಕೊಟ್ಟರೂ ಹೋಗಲಿಲ್ಲ. ಹೊಸ್ತಿಲ ಹೊರಗೆ ಸುಮ್ಮನೆ ನಿಂತಳು, ಏನೋ ಹೇಳುವವಳಂತೆ ಸೆರಗು ತಿರುವಿದಳು. ವಾಸನೆ ಹಿಡಿದಳೇ ಇವಳು ಎಂದು ಹಂಪವ್ವ ಅಂಜಿದಳು. "ಇನ್ನೇನರ ಬೇಕಾಗಿತ್ತೇನ ತಂಗಿ?" ಎಂದು ಬಾಗಿಲಿಗೆ ಅಡ್ಡ ನಿಂತು ಕೇಳಿದಳು. "ಏನಿಲ್ಲಕ್ಕಾ" ಎಂದು ಬಂಗಾರೆವ್ವ ಕೆಂಡ ಹಿಡಿದು ಹೋದಳು. ಅವರ ಮಾಡಿನಿಂದ ಆ ಸಂಜೆ ಹೊಗೆ ಎದ್ದದ್ದು ನೋಡಿ ಹಂಪವ್ವಳಿಗೆ ಸಮಾಧಾನವಾಯಿತು.

ಆಷಾಢದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಓಣಿಯ ಕಲ್ಲುಗಳೆಲ್ಲ ಒಂದರ ಹಿಂದೊಂದು ನುಣ್ಣಗಾಗತೊಡಗಿದವು. ವರ್ಷಕ್ಕೊಮ್ಮೆ ಬರುತ್ತಿದ್ದ ಚಾಣದಜ್ಜನವರು ವಾರ ವಾರ ಬರುವಂತಾಯಿತು. ಈ ಮನೆಗೆ ಒಂದು ದಿನ, ಆ ಮನೆಗೆ ಒಂದು ದಿನ. ಹಂಪವ್ವ ಅದನ್ನೂ ಲೆಕ್ಕ ಹಾಕಿದಳು. ಇಷ್ಟು ಬೇಗ ಕಲ್ಲು ಸವೀಬೇಕು ಅಂದರ ಎಷ್ಟು ಬೀಸತಿರಬೇಕು ಇವರು! ಎಷ್ಟು ಕಾಳಿರಬೇಕು! ಶರಣರ ಹಿಟ್ಟಿನ ಚೀಲ ಹೆಗಲ ಮೇಲೆ ಜೋತು ಬಿದ್ದದ್ದು ಅವಳ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ಶರಣರು ಹಂಪವ್ವಳ ಬಾಗಿಲಿಗೇ ಬಂದು ನಿಂತರು. ಮೊದಲೇ ತೆಳ್ಳಗಿನ ಮೈ, ಈಗ ಎಲುಬಿನ ಮೇಲೆ ತೊಗಲು ಹೊದಿಸಿದ ಹಾಗೆ ಕಾಣುತ್ತಿದ್ದರು. ಕಣ್ಣಿನ ತೇಜಸ್ಸು ಮಾತ್ರ ಕುಂದಿರಲಿಲ್ಲ.

"ಕಲ್ಲು ನೋಡತೀನವ್ವ" ಎಂದರು.

"ನಮ್ಮದು ಚೊಲೊ ಐತ್ರಿ ಅಜ್ಜಾರ. ಇನ್ನೂ ಮುಳ್ಳು ಅದಾವ" ಎಂದಳು ಹಂಪವ್ವ.

ಅವರು ಅಷ್ಟರಲ್ಲಿ ಪಡಸಾಲೆಗೆ ಬಂದು ಕೂತಾಗಿತ್ತು. ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಆನಿಸಿದರು. ಕೆಳಗಿನ ಕಲ್ಲಿನ ಮೈಮೇಲೆ ಅಂಗೈ ಆಡಿಸಿದರು. ನಿದ್ದೆಯಲ್ಲಿರುವ ಕೂಸಿನ ಬೆನ್ನು ಸವರುವಂತೆ ನಿಧಾನವಾಗಿ ಸವರಿ, ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಹಗೇವಿನ ಜೋಳಕ್ಕೆ ಒಂದು ಮುಗ್ಗು ವಾಸನೆ ಇರುತ್ತದೆ, ಬಲ್ಲವರಿಗೆ ಅದು ತಪ್ಪುವುದಿಲ್ಲ.

"ಈ ಕಲ್ಲು ಉಂಡೈತಿ" ಎಂದರು ಶರಣರು.

ಹಂಪವ್ವಳಿಗೆ ಗೌಡರ ಮುರಿದ ಕೈಗಳು ಕಣ್ಣ ಮುಂದೆ ಬಂದವು. ಮೊದಲು ಅಂಜಿಕೆ, ಅದರ ಬೆನ್ನಿಗೇ ಸಿಟ್ಟು. "ಓಣಿ ತುಂಬ ಬೀಸತಾರ. ದಿನಾ ಕೇಳತೀನಿ ನಾನು, ಕಿವುಡಿ ಅಲ್ಲ. ಬಂಗಾರೆವ್ವ ಬೀಸತಾಳ, ಎದುರಿನ ಮನಿಯಾಕಿ ಬೀಸತಾಳ, ಆ ತುದೀ ಮನಿ ಮುದುಕಿನೂ ಬೀಸತಾಳ. ಎಲ್ಲಾರನ್ನೂ ಬಿಟ್ಟು ನನ್ನ ಕಲ್ಲೊಂದ ಕಣ್ಣಿಗೆ ಬಿತ್ತೇನ್ರಿ ನಿಮಗ? ಗಂಡ ಇಲ್ಲದ ಮನಿ ಅಂತ ಹೊಕ್ಕು ತಡಕಾಡತೀರೇನು? ಶರಣರು ಅನಿಸಿಕೊಂಡವರು ಮಾಡೂ ಕೆಲಸ ಏನ್ರಿ ಇದು?" ಎಂದು ಒಂದೇ ಉಸುರಿಗೆ ಅಂದುಬಿಟ್ಟಳು. ಅಂದ ಮೇಲೆ ತುಟಿ ಕಚ್ಚಿಕೊಂಡಳು.

ಶರಣರು ಮುನಿಯಲಿಲ್ಲ. ಮೇಲಿನ ಕಲ್ಲನ್ನು ಎತ್ತಿ ಮತ್ತೆ ಅದರ ಜಾಗದಲ್ಲಿಟ್ಟರು. ಚಾಣ ಮುಟ್ಟಲಿಲ್ಲ, ಮೊದಲ ಹಿಡಿಯನ್ನೂ ಕೇಳಲಿಲ್ಲ. ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡಿ, "ನಾಳೆ ಹಾಡಬ್ಯಾಡವ್ವ. ಸುಮ್ಮನ ಬೀಸು" ಎಂದರು.

ಅಷ್ಟೇ ಮಾತು. ಅದರ ಅರ್ಥವೇನೆಂದು ಹಂಪವ್ವಳಿಗೆ ತಿಳಿಯಲಿಲ್ಲ. ಅವಳು ಕದದ ಸಂದಿಯಿಂದ ನೋಡುತ್ತ ನಿಂತಳು. ಶರಣರು ದಂಡಿನ ಠಾಣ್ಯದ ಕಡೆ ಹೋಗಲಿಲ್ಲ. ಪಕ್ಕದ ಬಂಗಾರೆವ್ವಳ ಬಾಗಿಲಿಗೆ ಹೋದರು. ಬಂಗಾರೆವ್ವ ಹೊರಗೆ ಬಂದಳು. ಶರಣರು ಏನೋ ಎರಡು ಮಾತು ಹೇಳಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಹಿಡಿದಳು. ಅಲ್ಲಿಂದ ಎದುರಿನ ಮನೆಗೆ, ಅದರ ಪಕ್ಕದ ಮನೆಗೆ. ಅಂದು ಅವರು ಐದಕ್ಕೆ ನಿಲ್ಲಿಸಲಿಲ್ಲ. ಇಪ್ಪತ್ತೊಂದು ಬಾಗಿಲಿಗೂ ಹೋದರು. ಪ್ರತಿ ಬಾಗಿಲಲ್ಲೂ ಎರಡು ಮಾತು. ಪ್ರತಿ ಬಾಗಿಲಲ್ಲೂ ಹೆಂಗಸು ತಲೆ ತಗ್ಗಿಸಿದಳು.

ಮುಗೀತು, ಹೇಳಿಬಿಟ್ಟರು, ಎಂದುಕೊಂಡಳು ಹಂಪವ್ವ. ಸನ್ಯಾಸಿಗಳ ಬಾಯಿಗೆ ಬೀಗ ಇರೂದಿಲ್ಲ. ನಾಳೆ ಓಣಿಗೆ ಓಣಿಯೇ ಕೊಟ್ಟಿಗೆಗೆ ನುಗ್ಗತೈತಿ. ನಾಡಿದ್ದು ದಂಡಿನವರು. ಅವಳು ಹೋಗಿ ಕುಳ್ಳಿನ ರಾಶಿ ನೋಡಿದಳು. ಹಗೇವಿನಲ್ಲಿ ಉಳಿದದ್ದು ಮೂರು ಚೀಲ. ನಾಲ್ಕು ಹೊಟ್ಟೆಗೆ ಸಂಕ್ರಾಂತಿಯ ಹೊಸ ಜೋಳ ಬರುವವರೆಗೆ ಸಾಲುವಷ್ಟು, ಅದರ ಮೇಲೆ ಒಂದು ಬೊಗಸೆ ಇಲ್ಲ. ಅದನ್ನು ಎತ್ತಿ ಇನ್ನೆಲ್ಲಿ ಇಟ್ಟಾಳು? ಮಕ್ಕಳನ್ನು ಬಾಚಿ ತಬ್ಬಿಕೊಂಡು ಕೂತಳು. ಶರಣರಿಗೆ ಹಿಡಿಶಾಪ ಹಾಕಿದಳು. ಆ ಶಾಪವನ್ನು ನೆನೆದು ಅವಳು ಆಮೇಲೆ ಜೀವನವಿಡೀ ಅತ್ತಿದ್ದಾಳೆ.

ಬೆಳ್ಳಿ ಮೂಡಿತು. ಹಂಪವ್ವಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಬೀಸಲೋ ಬೇಡವೋ? ಬೀಸದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ. ಎಂದಿನಂತೆ ಇರುವುದೇ ಲೇಸು ಎಂದು ಕಲ್ಲಿನ ಮುಂದೆ ಕೂತಳು. ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿ ಗೂಟ ಹಿಡಿದಳು. ಹಾಡು ರೂಢಿಯಂತೆ ಗಂಟಲಿಗೆ ಬಂತು. ಶರಣರ ಮಾತು ಅದನ್ನು ಅಲ್ಲೇ ತಡೆಯಿತು. ಆಗಲಿ, ಅದೇನು ಆಗುತ್ತದೋ ನೋಡೇಬಿಡೋಣ ಎಂಬ ಹಟಕ್ಕೆ ಬಾಯಿ ಮುಚ್ಚಿ ಬೀಸಿದಳು.

ಗರ್ ಎಂದು ಒಂದು ಸುತ್ತು. ಎರಡು ಸುತ್ತು. ಏನೋ ಸರಿಯಿಲ್ಲ ಅನಿಸಿತು. ಸದ್ದು ಎಂದಿನದಲ್ಲ. ತನ್ನ ಕಲ್ಲಿನ ಸದ್ದು ಗೋಡೆಗೆ ಹೊಡೆದು ತನಗೇ ಮರಳಿ ಬರುತ್ತಿತ್ತು. ಕೈ ನಿಲ್ಲಿಸಿದಳು.

ಓಣಿ ಸುಮ್ಮನಿತ್ತು.

ಬೇಗ ಎದ್ದೆನೇನೋ ಎಂದು ಕಾದಳು. ಕೋಳಿ ಕೂಗಲೆಂದರೆ ಪೇಟೆಯಲ್ಲಿ ಕೋಳಿ ಉಳಿದಿರಲಿಲ್ಲ. ಇನ್ನೊಂದು ಹಿಡಿ ಹಾಕಿ ನಾಲ್ಕು ಸುತ್ತು ಬೀಸಿ ಮತ್ತೆ ನಿಲ್ಲಿಸಿದಳು. ಎದುರಿನ ಮನೆ ಸುಮ್ಮನಿತ್ತು. ತುದಿಯ ಮನೆ ಸುಮ್ಮನಿತ್ತು. ಗೋಡೆಗೆ ಕಿವಿಯಿಟ್ಟಳು. ಬಂಗಾರೆವ್ವಳ ಮನೆಯಲ್ಲಿ ಕಲ್ಲಿನ ಸದ್ದಿಲ್ಲ, ಯಾರೋ ಉಸುರು ಎಳೆಯುವ ಸಣ್ಣ ಸದ್ದು ಮಾತ್ರ. ಮೂಡಲ ಬೆಳಗಾಯಿತು. ಇಪ್ಪತ್ತೆರಡು ಮನೆಗಳ ಓಣಿಯಲ್ಲಿ ಅಂದು ಬೀಸಿದ್ದು ಒಂದೇ ಕಲ್ಲು. ಅದು ತನ್ನದು.

ಆಗ ಹಂಪವ್ವಳಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಕಲ್ಲುಗಳು ಯಾಕೆ ಅಷ್ಟು ಬೇಗ ಸವೆದವು, ಶರಣರ ಹಿಟ್ಟಿನ ಚೀಲ ಯಾಕೆ ಬರಿದಾಗಿ ಜೋತು ಬಿದ್ದಿತ್ತು, ಬಂಗಾರೆವ್ವಳ ಕಲ್ಲು ಯಾಕೆ ಅಷ್ಟು ಜೋರಾಗಿ ಒರಲುತ್ತಿತ್ತು. ಕಾಳಿಲ್ಲದ ಕಲ್ಲು ಹಾಗೇ ಒರಲುತ್ತದೆ, ಕಲ್ಲು ಕಲ್ಲನ್ನೇ ತಿನ್ನುತ್ತದೆ. ಒಬ್ಬೊಬ್ಬಳೂ ತನ್ನ ಮನೆಯ ಮಾನ ಮುಚ್ಚಲು ಬರಿಗಲ್ಲು ತಿರುವಿದ್ದಳು. ಒಬ್ಬೊಬ್ಬಳೂ ಪಕ್ಕದ ಮನೆಯ ಸದ್ದು ಕೇಳಿ, ಅವರಿಗಿದೆ, ನಮಗೊಬ್ಬರಿಗೇ ಇಲ್ಲ, ಕೇಳಿ ನಗೆಗೇಡಾಗುವುದು ಬೇಡ ಎಂದು ಬಾಯಿ ಬಿಗಿದಿದ್ದಳು. ಅವರೆಲ್ಲರ ಹಸಿವಿನ ಸದ್ದಿನ ಮರೆಯಲ್ಲಿ ತಾನು ಕೂತು ಬೀಸಿದ್ದಳು. ಅಷ್ಟೇ ಅಲ್ಲ, ಹಾಡಿದ್ದಳು! ಅಯ್ಯೋ ಶಿವನೇ, ಹಾಡಿದ್ದಳು.

ಅವಳು ಎದ್ದು ಪಕ್ಕದ ಮನೆಗೆ ಓಡಿದಳು. ಬಂಗಾರೆವ್ವ ಕಲ್ಲಿನ ಮುಂದೆಯೇ ಕೂತಿದ್ದಳು, ಕೈ ಗೂಟದ ಮೇಲೆ ಸುಮ್ಮನಿತ್ತು. ಕಲ್ಲಿನ ಸುತ್ತ ಬೆಳ್ಳಗೆ ಪುಡಿ ಬಿದ್ದಿತ್ತು. ಹಿಟ್ಟಲ್ಲ, ಕಲ್ಲಿನ ಪುಡಿ. ಗದಿಗೆಪ್ಪ ಅವಳ ತೊಡೆಯ ಮೇಲೆ ಮಲಗಿದ್ದ, ಹೊಟ್ಟೆ ಉಬ್ಬಿತ್ತು, ಕಣ್ಣು ಅರೆ ತೆರೆದಿತ್ತು.

"ಇವತ್ತೊಂದು ದಿನ ಕಲ್ಲಿಗೆ ಬಿಡುವು ಕೊಡವ್ವ, ದಣದೈತಿ, ಅಂದರು ಅಜ್ಜಾರು" ಎಂದಳು ಬಂಗಾರೆವ್ವ, ತಪ್ಪು ಮಾಡಿದವಳ ಹಾಗೆ. "ಅದಕ್ಕ ಬೀಸಿಲ್ಲಕ್ಕಾ. ಇಲ್ಲಂದರ ಬೀಸತಿದ್ದೆ."

ಆ ಮಹಾತ್ಮರು ಇಪ್ಪತ್ತೊಂದು ಮನೆಯಲ್ಲೂ ಹೇಳಿದ್ದು ಅಷ್ಟೇ. ನಿಮ್ಮಲ್ಲಿ ಕಾಳಿಲ್ಲ ಎನ್ನಲಿಲ್ಲ, ಹಂಪವ್ವಳಲ್ಲಿ ಇದೆ ಎನ್ನಲೂ ಇಲ್ಲ. ದಣಿದದ್ದು ಕಲ್ಲು ಎಂದರು. ಯಾರ ಮಾನವೂ ಅವರ ಬಾಯಿಂದ ಹೋಗಲಿಲ್ಲ.

ಹಂಪವ್ವ ಮನೆಗೆ ಓಡಿ, ನಿನ್ನೆಯ ಅಂಬಲಿ ಬೆಚ್ಚಗೆ ಮಾಡಿ ತಂದಳು. ಕೂಸುಗಳಿಗೆ ಹಾಲು ಹಾಕುವ ಒಳಲೆಯಲ್ಲಿ ಹುಡುಗನ ಬಾಯಿಗೆ ಹಿಡಿದಳು. "ಗದಿಗ್ಯಾ, ಕುಡಿಯೋ ನನ್ನಪ್ಪಾ. ಒಂದು ಗುಟುಕು ಕುಡಿ. ನಿಂಬೆವ್ವ ಆಡಾಕ ಕರಿಯಾಕ ಹತ್ಯಾಳ." ಅಂಬಲಿ ತುಟಿಯ ತುದಿಯಿಂದ ಹೊರಗೆ ಹರಿಯಿತು. ಬೆರಳಿನಿಂದ ನಾಲಗೆಗೆ ಸವರಿದಳು. ಹುಡುಗ ನುಂಗಲಿಲ್ಲ. ನುಂಗುವುದನ್ನು ಆ ಗಂಟಲು ಮರೆತಿತ್ತು.

"ನಿನ್ನ ಹಾಡು ಕೇಳಿ ಎಚ್ಚರ ಆಗತಿದ್ದ" ಎಂದಳು ಬಂಗಾರೆವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲಾರದ್ದು. "ಹಂಪವ್ವ ದೊಡ್ಡವ್ವ ರೊಟ್ಟಿ ಮಾಡತಾಳೇನ ಅಂತ ಕೇಳತಿದ್ದ. ನಾವೂ ನಾಳೆ ಮಾಡೂಣು, ನೋಡು ಬೀಸಾಕ ಹತ್ತೀನಲಾ, ಅಂತಿದ್ದೆ."

ಬಿಸಿಲೇರುವ ಮುನ್ನ ಹುಡುಗನ ಉಸುರು ನಿಂತಿತು. ಅಂಬಲಿ ಒಳಲೆಯಲ್ಲಿ ಹಾಗೇ ಇತ್ತು.

ಶರಣರು ಓಣಿಯ ತುದಿಯಿಂದ ಬಂದರು. ಮಗುವಿನ ಹಣೆಗೆ ಭಸ್ಮವಿಟ್ಟು, ಬಂಗಾರೆವ್ವಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು. ಹಂಪವ್ವ ಅವರ ಪಾದದ ಮೇಲೆ ಬಿದ್ದಳು. "ಎಂಟು ದಿನ ಮೊದಲ ಹೇಳಿದ್ದರ ಈ ಕೂಸು ಉಳೀತಿತ್ತಲ್ರಿ ಯಪ್ಪಾ! ಯಾಕ ಹೇಳಲಿಲ್ಲ?" ಎಂದು ಕೂಗಿದಳು.

ಶರಣರ ಕಣ್ಣಿನಿಂದ ನೀರು ಇಳಿಯಿತು. ಅವರು ಅತ್ತದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. "ನಿನ್ನೆ ತನಕ ನನಗೂ ಒಂದೂ ಉಂಡ ಕಲ್ಲು ಸಿಕ್ಕಿರಲಿಲ್ಲವ್ವ. ನಿನ್ನ ಬಾಗಿಲಿಗೆ ಕಡೇಕ ಬಂದೆ. ಆ ತಪ್ಪು ನನ್ನದು" ಎಂದರು.

ಮಹಾತ್ಮರು ತಪ್ಪನ್ನು ಹೊತ್ತುಕೊಳ್ಳುವ ರೀತಿ ಇದು. ಹಂಪವ್ವಳಿಗೆ ಗೊತ್ತಿತ್ತು ಅದು ಯಾರದೆಂದು. ಅವಳು ಎದ್ದಳು. ಮಗುವನ್ನು ಮಣ್ಣಿಗಿಟ್ಟು ಬಂದ ಮೇಲೆ, ಹಾಡುಹಗಲೇ, ನಿಂಬೆವ್ವಳನ್ನು ಕರೆದು, "ತಲಬಾಗಿಲ ತೆರಿಯವ್ವಾ" ಎಂದಳು. ಕುಳ್ಳಿನ ರಾಶಿಯನ್ನು ತನ್ನ ಕೈಯಿಂದಲೇ ಸರಿಸಿದಳು. ಇಷ್ಟು ದಿನ ಒಬ್ಬಳೇ ಹಾರೆ ಹಾಕಿ ಸಂದಿಯಷ್ಟೇ ಸರಿಸುತ್ತಿದ್ದ ಬಂಡೆಯನ್ನು ಪೂರ್ತಿ ಎತ್ತಲು, ಮಣ್ಣಿಗೆ ಬಂದಿದ್ದ ಹೆಂಗಸರಲ್ಲಿ ನಾಲ್ವರು ಕೈ ಹಚ್ಚಿದರು. ಹಗೇವಿನ ಕೆಟ್ಟ ಗಾಳಿ ಹೋಗುವವರೆಗೆ ಎಲ್ಲರೂ ಸುತ್ತ ನಿಂತಿದ್ದರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಒಬ್ಬಳು ಬೈದಿದ್ದರೂ ಹಂಪವ್ವಳಿಗೆ ಉಸುರು ತಿರುಗುತ್ತಿತ್ತೇನೋ.

ಕೊಡಗಳ ತಳಕ್ಕೆ ಜೋಳ, ಮೇಲೆ ಒದ್ದೆ ಬಟ್ಟೆ, ತಲೆಯ ಮೇಲೆ ಸಿಂಬಿ. ನೀರು ತರುವವರ ಹಾಗೆ ಇಪ್ಪತ್ತೊಂದು ಹೆಂಗಸರು ಹೊತ್ತು ಹೋದರು. ಮರುದಿನ ಬೆಳ್ಳಿ ಮೂಡಿದಾಗ ಓಣಿಯ ಕಲ್ಲುಗಳೆಲ್ಲ ಮತ್ತೆ ತಿರುಗಿದವು. ದಂಡಿನ ಕಾವಲಿನವರು ಕೇಳಿದರು, ಆದರೆ ತಿಂಗಳುಗಟ್ಟಲೆ ಕೇಳಿದ ಸದ್ದೇ ಅದು. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಸವೆದ ಕಲ್ಲುಗಳಿಗೆಲ್ಲ ಶರಣರು ಮುಳ್ಳು ಹೊಡೆದರು, ಮನೆಮನೆಯಲ್ಲೂ ಮೊದಲ ಹಿಡಿಯನ್ನು ಕೇಳಿ ಪಡೆದರು.

ಆದರೆ ಹಂಪವ್ವಳ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಮೂರು ಚೀಲ ಇಪ್ಪತ್ತೆರಡು ಮನೆಗೆ, ತೆಳು ಅಂಬಲಿ ಕುಡಿದರೂ, ಹದಿನೆಂಟು ದಿನ. ತನ್ನ ಮಕ್ಕಳ ಐದು ತಿಂಗಳ ಕೂಳನ್ನು ತಾನೇ ಹಂಚಿದ್ದಳು. ಸಣ್ಣ ಮಗನ ಮುಖ ನೋಡಿದಾಗಲೆಲ್ಲ ಉಳಿದ ದಿನ ಎಣಿಸುವಳು. ತಡೆಯಲಾರದೆ ಅಗಸಿಗೆ ಹೋದಳು.

"ಹದಿನೆಂಟು ದಿನ ಆದ ಮ್ಯಾಲೆ ಏನ್ರಿ ಯಪ್ಪಾ?"

ಶರಣರು ಚಾಣ ಮಸೆಯುತ್ತಿದ್ದರು. ತಲೆ ಎತ್ತಿದರು. "ಹತ್ತೊಂಬತ್ತನೇ ದಿನ ಎಲ್ಲಾರೂ ಕೂಡೇ ಉಪಾಸ ಇರೂಣವ್ವ" ಎಂದರು.

ಅದು ಸಮಾಧಾನದ ಮಾತೇ? ಕೇಳಿದವರಿಗೆ ಅಲ್ಲ ಎನಿಸಬಹುದು. ಹಂಪವ್ವ ಮಾತ್ರ ಆ ಕಟ್ಟೆಯ ಕೆಳಗೆ ಕೂತು ಮನಸಾರೆ ಅತ್ತು, ಹಗುರಾಗಿ ಎದ್ದು ಬಂದಳು. ಯುಗಾದಿಯಿಂದ ಅವಳು ಹೊತ್ತ ಅಂಜಿಕೆಯನ್ನು ಒಬ್ಬಳೇ ಹೊತ್ತಿದ್ದಳು. ಇನ್ನು ಮೇಲೆ ಹಾಗಿರಲಿಲ್ಲ.

ಹತ್ತೊಂಬತ್ತನೆಯ ದಿನ ಬಂತು. ಕಾಳು ಮುಗಿಯಿತು. ಅಂದು ಯಾರೂ ಬರಿಗಲ್ಲು ತಿರುವಲಿಲ್ಲ. ಬಾಗಿಲು ಮುಚ್ಚಿಕೊಳ್ಳಲೂ ಇಲ್ಲ. ಎಲ್ಲರೂ ಅಗಸಿಯ ನೆರಳಿಗೆ ಬಂದು ಶರಣರ ಸುತ್ತ ಕೂತರು. ಗುಡ್ಡದಿಂದ ಒಬ್ಬಳು ತಂದ ಸೊಪ್ಪನ್ನು ಒಂದೇ ಗಡಿಗೆಯಲ್ಲಿ ಬೇಯಿಸಿ ಮಕ್ಕಳಿಗೆ ಕೊಟ್ಟರು. ಹೀಗೆ ನಾಲ್ಕು ದಿನ. ತುದಿಯ ಮನೆಯ ಮುದುಕಿ ಮೂರನೆಯ ದಿನ ಹಂಪವ್ವಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಐದನೆಯ ದಿನ ದೇಸಾಯರಿಬ್ಬರೂ ರಾಜಿಯಾದರೆಂದು ಸುದ್ದಿ ಬಂತು. ಸುಂಕವನ್ನು ಅರ್ಧರ್ಧ ಹಂಚಿಕೊಂಡರಂತೆ! ಯುಗಾದಿಗೇ ಹಂಚಿಕೊಳ್ಳಲು ಇವರಿಗೆ ಏನು ರೋಗ ಬಡಿದಿತ್ತು ಎಂದು ಕೇಳುವ ಧೈರ್ಯ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ಕಾಳಿನ ಗಾಡಿಗಳು ಬಂದವು. ಧಾರಣೆ ಇಳಿಯಲು ಇನ್ನೂ ಒಂದು ವರ್ಷ ಹಿಡಿಯಿತು. ಈರಬಸಪ್ಪ ಬರಲಿಲ್ಲ.

ಹಂಪವ್ವ ಹಾಡುವುದನ್ನು ಬಿಟ್ಟಳು. ಓಣಿಯವರು ಕೇಳಿಕೊಂಡರು, ಬಂಗಾರೆವ್ವಳೇ ಬಂದು ಕೈ ಹಿಡಿದು ಕೇಳಿದಳು. ಆಗಲಿಲ್ಲ. ಎರಡು ವರ್ಷದ ಮೇಲೆ ಮುಳ್ಳು ಹೊಡೆಯಲು ಬಂದ ಶರಣರು, "ಈ ಮನಿ ಯಾಕ ಮೂಕಾಗೈತಿ?" ಎಂದರು.

"ನೀವ ಹಾಡಬ್ಯಾಡ ಅಂದಿದ್ರಿ" ಎಂದಳು ಹಂಪವ್ವ.

"ಒಂದು ದಿನಕ್ಕ ಅಂದಿದ್ದೆ. ಇನ್ನ ಹಾಡು. ಆದರ ಎಲ್ಲಾ ಕಲ್ಲೂ ಶುರು ಆದ ಮ್ಯಾಲೆ ಹಾಡು" ಎಂದರು ಶರಣರು.

ಅಂದಿನಿಂದ ಹಂಪವ್ವ ಬೆಳ್ಳಿ ಮೂಡುವ ಮೊದಲೇ ಎದ್ದು ಕಲ್ಲಿನ ಮುಂದೆ ಕಿವಿಗೊಟ್ಟು ಕೂರುವಳು. ಮೊದಲು ಬಂಗಾರೆವ್ವಳ ಕಲ್ಲು, ಆಮೇಲೆ ಎದುರಿನದು, ಆಮೇಲೆ ಒಂದೊಂದಾಗಿ ತುದಿಯವರೆಗೆ. ಉಂಡ ಕಲ್ಲಿನ ಸದ್ದೂ ಬರಿಗಲ್ಲಿನ ಸದ್ದೂ ಅವಳಿಗೆ ಈಗ ಶರಣರಷ್ಟೇ ಚೆನ್ನಾಗಿ ತಿಳಿಯುತ್ತಿತ್ತು. ಒಂದು ಮನೆ ಸುಮ್ಮನಿದ್ದರೆ ಮೊರದಲ್ಲಿ ಹಿಟ್ಟು ಹಿಡಿದು ಆ ಬಾಗಿಲಿಗೆ ಹೋಗುವಳು. ಆ ಕಲ್ಲೂ ತಿರುಗಿದ ಮೇಲೆಯೇ ಬಂದು ಕೂತು ಹಾಡು ಎತ್ತುವಳು. ಹಂಪವ್ವ ಹಾಡಿದಳೆಂದರೆ ಓಣಿಯಲ್ಲಿ ಎಲ್ಲರಿಗೂ ಅಂದಿನ ಕೂಳು ಇದೆ ಎಂದೇ ಅರ್ಥ. ಮೂವತ್ತು ವರ್ಷ ಹೀಗೆ ನಡೆಯಿತು. ಆ ನಡುವೆ ಶರಣರು ಅಗಸಿಯ ಕಟ್ಟೆಯ ಮೇಲೆಯೇ ಲಿಂಗೈಕ್ಯರಾದರು. ಅವರ ಚಾಣಗಳು ಇಂದಿಗೂ ಅಲ್ಲಿವೆ ಎನ್ನುತ್ತಾರೆ.

ಕೊನೆಗೊಂದು ಬೆಳಗು ಓಣಿಯ ಕಲ್ಲುಗಳೆಲ್ಲ ಶುರುವಾದವು. ಬಂಗಾರೆವ್ವಳದು, ಎದುರಿನದು, ತುದಿಯದು, ಇಪ್ಪತ್ತೊಂದೂ. ಹಾಡು ಬರಲಿಲ್ಲ. ಕಲ್ಲಿನ ಮುಂದೆ ಕಿವಿಗೊಟ್ಟು ಕೂತಲ್ಲೇ ಹಂಪವ್ವಳ ಉಸುರು ನಿಂತಿತ್ತು. ಬಂಗಾರೆವ್ವ ಕೈ ನಿಲ್ಲಿಸಿದಳು. ಅವಳ ಪಕ್ಕದವಳು ನಿಲ್ಲಿಸಿದಳು. ಒಂದೊಂದಾಗಿ ಓಣಿಯ ಕಲ್ಲುಗಳೆಲ್ಲ ನಿಂತವು. ಯಾರೂ ಯಾರನ್ನೂ ಕರೆಯಲಿಲ್ಲ. ಎಲ್ಲರೂ ಮೊರದಲ್ಲಿ ಹಿಟ್ಟು ಹಿಡಿದು ಹಂಪವ್ವಳ ಬಾಗಿಲಿಗೆ ಬಂದು ನಿಂತಿದ್ದರು.